ಅಡ್ಡ ಮಲಗಿದ ದೇವತೆ

ಮನುಷ್ಯಕುಲ ಇದುವರೆಗೆ ಎದುರಿಸಿರುವ ಗಂಭೀರ ಪ್ರಶ್ನೆಗಳ ಸಾಲಿಗೆ ಆ ದಿನ ಬೆಳಿಗ್ಗೆ ಒಂಬತ್ತೂವರೆಗೆ ಇನ್ನೊಂದು ಬಂದು ಸೇರಿತು: ಪದಕದ ಕೊಂಡಿಯನ್ನು ಎಲ್ಲಿ ಕೂರಿಸಬೇಕು? ಇದಕ್ಕಿಂತ ಸಣ್ಣ ವಿಷಯಕ್ಕೆ ರಾಜ್ಯಗಳು ಮುಳುಗಿವೆ. ಮುಳುಗುವಾಗ ಇಷ್ಟು ಗಲಾಟೆ ಮಾಡಿರಲಿಕ್ಕಿಲ್ಲ.

ಗಲಾಟೆ ನಡೆದದ್ದು ಒಂದು ಚಿನ್ನದ ಕೆಲಸದ ಅಂಗಡಿಯಲ್ಲಿ. ಮುಂದೆ ಗಾಜಿನ ಕೌಂಟರು, ಹಿಂದೆ ಒಂದೇ ಕಿಟಕಿಯ ಕೋಣೆ. ಕೌಂಟರಿನಲ್ಲಿ ಅತ್ತಿಗೆ, ಕಿಟಕಿಯ ಪಕ್ಕದ ಮೇಜಿನಲ್ಲಿ ಅಣ್ಣ, ಮೂಲೆಯ ಮೆರುಗಿನ ಯಂತ್ರದ ಮುಂದೆ ತಂಗಿ. ತಂಗಿಗೆ ಹುಟ್ಟಿದಾಗ ಇಟ್ಟ ಹೆಸರೊಂದು ಇತ್ತು. ಆದರೆ ಹತ್ತೊಂಬತ್ತು ವರ್ಷದಿಂದ ಅಣ್ಣ ಮಾಡಿದ ಒಡವೆಗೆಲ್ಲ ಮೆರುಗು ಕೊಡುತ್ತ ಕೂತದ್ದರಿಂದ ಬೀದಿಯವರು ಮೆರುಗಮ್ಮ ಎನ್ನತೊಡಗಿದರು. ಕೊನೆಗೆ ಅವಳೂ ಆ ಹೆಸರಿಗೇ ಓಗೊಡುವಂತಾಯಿತು. ಅಣ್ಣನ ಮೇಜಿನ ಎದುರಿಗೆ ಇನ್ನೊಂದು ಮೇಜಿತ್ತು. ಅದು ಅವರಪ್ಪನದು. ಅಪ್ಪ ತೀರಿಕೊಂಡ ಮೇಲೆ ಅದರ ಮೇಲೆ ಹಳೆಯ ಪತ್ರಿಕೆಗಳು ಕೂತಿದ್ದವು, ಯಾರೂ ಕೂತಿರಲಿಲ್ಲ. ಮೆರುಗಮ್ಮ ದಿನಕ್ಕೆ ನಾಲ್ಕು ಸಲವಾದರೂ ಆ ಪತ್ರಿಕೆಗಳನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದಳು.

ಈಗ ಕೌಂಟರಿನ ಮೇಲೆ, ನೀಲಿ ಮಖಮಲ್ಲಿನ ತುಂಡಿನ ನಡುವೆ, ಹೆಬ್ಬೆರಳಿನ ಉಗುರಿನಗಲದ ಬೆಳ್ಳಿ ನಾಣ್ಯವೊಂದು ಇತ್ತು. ರೋಮನ್ನರ ಕಾಲದ್ದು. ದುಂಡಗಿರಬೇಕೆಂಬ ಆಸೆಯಿದ್ದೂ ಪೂರ್ತಿ ದುಂಡಗಾಗದೆ ಉಳಿದದ್ದು. ಒಂದು ಬದಿಯಲ್ಲಿ ಗುಂಗುರು ಕೂದಲು, ಗುಂಗುರು ಗಡ್ಡ, ಠೀವಿಯ ಮೂಗಿನ ಚಕ್ರವರ್ತಿ. ಇನ್ನೊಂದು ಬದಿಯಲ್ಲಿ ತಕ್ಕಡಿ ಹಿಡಿದ ದೇವತೆ. ತಗ್ಗುಗಳಲ್ಲೆಲ್ಲ ಶತಮಾನಗಳ ಕಪ್ಪು ಕೂತು, ಗಡ್ಡದ ಒಂದೊಂದು ಸುರುಳಿಯೂ ಎದ್ದು ಕಾಣುತ್ತಿತ್ತು.

ಕೌಂಟರಿನ ಆಚೆ ನಿಂತಿದ್ದವರು ಗಂಡ ಹೆಂಡತಿ. ಗಂಡ ಶಾಲೆಯಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು. ಹೆಂಡತಿ ಹಲ್ಲಿನ ಡಾಕ್ಟರು. ಆಸ್ಪತ್ರೆಯಲ್ಲಿ ಅದು ಆಕೆಯ ಕೊನೆಯ ದಿನ, ಸಂಜೆ ಐದೂವರೆಗೆ ಬೀಳ್ಕೊಡುಗೆ. ಮದುವೆಗೆ ಮುಂಚೆ ಮೇಷ್ಟ್ರು ಕೊಟ್ಟಿದ್ದ ಈ ನಾಣ್ಯ ನಲವತ್ತು ವರ್ಷ ಡ್ರಾಯರಿನ ಹತ್ತಿಯಲ್ಲಿ ನಿದ್ದೆ ಮಾಡಿತ್ತು. ಅದನ್ನು ಚಿನ್ನದ ಕಟ್ಟಿನಲ್ಲಿ ಕೂರಿಸಿ ಇವತ್ತು ಕೊರಳಿಗೆ ಹಾಕಿಕೊಳ್ಳಬೇಕೆಂದು ಡಾಕ್ಟರಮ್ಮನ ಹಟ. ಅಣ್ಣ ಮೂರು ವಾರದ ಹಿಂದೆಯೇ ಒಪ್ಪಿಕೊಂಡು ಚಿನ್ನದ ಕಟ್ಟನ್ನೂ ಮಾಡಿಟ್ಟಿದ್ದ. ಕೊಂಡಿ ಬೆಸೆದು ನಾಣ್ಯ ಕೂರಿಸುವುದಷ್ಟೇ ಬಾಕಿ. ಅಷ್ಟರಲ್ಲಿ ಅವನ ಬಲಗಣ್ಣಿಗೆ ಪೊರೆಯ ಆಪರೇಷನ್ ಆಗಿ, ಈಗ ಕಣ್ಣಿನ ಮೇಲೆ ಪ್ಲಾಸ್ಟಿಕ್ಕಿನ ಮುಚ್ಚಳ ಕಟ್ಟಿಕೊಂಡು ಕೋಣೆಯ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡಿದ್ದ. ಬಗ್ಗಬಾರದು, ಬೆಂಕಿ ನೋಡಬಾರದು ಎಂದು ಕಣ್ಣಿನ ಡಾಕ್ಟರರ ಆಜ್ಞೆ. ಮಾತಾಡಬಾರದು ಎಂದು ಯಾರೂ ಹೇಳಿರಲಿಲ್ಲ.

"ಕೊಂಡಿ ಗಡ್ಡಪ್ಪನ ತಲೆ ಮೇಲೆ ಬರ್ಲಿ," ಅಂದರು ಮೇಷ್ಟ್ರು. ಚಕ್ರವರ್ತಿಗೆ ಆ ಹೆಸರು ಕೊಟ್ಟವಳು ಅತ್ತಿಗೆ, ಐದು ನಿಮಿಷದ ಹಿಂದೆ. ಆಗಲೇ ಎಲ್ಲರ ಬಾಯಲ್ಲಿ ನಿಂತಿತ್ತು.

"ನನ್ ಕೊರಳು, ನನ್ ಪದಕ. ಹೊರಗಡೆ ಕಾಣ್ಬೇಕಾಗಿರೋಳು ಆ ದೇವತೆ," ಅಂದರು ಡಾಕ್ಟರಮ್ಮ.

"ಅದಕ್ಕೇನು, ಎರಡೂ ಕಡೆ ತಿರುಗಿಸಿ ಹಾಕ್ಕೊಬಹುದಲ್ಲ," ಎಂದು ಅತ್ತಿಗೆ ರಾಜಿ ಮಾಡಿಸಲು ನಾಣ್ಯವನ್ನು ಚಿಮಟದಲ್ಲಿ ಎತ್ತಿ, ಗಡ್ಡಪ್ಪನನ್ನು ನೆಟ್ಟಗೆ ಹಿಡಿದು, ಹಾಗೇ ಹಿಂದಕ್ಕೆ ತಿರುಗಿಸಿದಳು.

ದೇವತೆ ಅಡ್ಡ ಮಲಗಿದ್ದಳು. ತಕ್ಕಡಿ ದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಧ್ಯಾಹ್ನದ ನಿದ್ದೆ ತೆಗೆಯುತ್ತಿರುವ ವ್ಯಾಪಾರಿಯ ಹಾಗೆ. ಅವಳನ್ನು ನೆಟ್ಟಗೆ ನಿಲ್ಲಿಸಿ ಮತ್ತೆ ತಿರುಗಿಸಿದರೆ ಗಡ್ಡಪ್ಪ ಅಂಗಾತ ಬಿದ್ದು ಆಕಾಶ ನೋಡುತ್ತಿದ್ದ.

"ಇದೇನ್ರೀ ಇದು? ನಲವತ್ತು ವರ್ಷದಿಂದ ನೋಡಿಲ್ವಾ ನೀವು?" ಅಂದಳು ಅತ್ತಿಗೆ.

ನೋಡಿರಲಿಲ್ಲ. ಮೇಷ್ಟ್ರು ನಲವತ್ತು ವರ್ಷ ಗಡ್ಡಪ್ಪನನ್ನೇ ನೋಡಿದ್ದರು, ಡಾಕ್ಟರಮ್ಮ ದೇವತೆಯನ್ನೇ. ದಾಂಪತ್ಯದಲ್ಲಿ ಇದು ಅಪರೂಪವೇನಲ್ಲ.

"ಆ ಕಾಲದಲ್ಲಿ ಅಚ್ಚು ಕೈಯಲ್ಲಿ ಹಿಡಿದು ಸುತ್ತಿಗೇಲಿ ಹೊಡೀತಿದ್ರು," ಎಂದು ಮೇಷ್ಟ್ರು ಪಾಠಕ್ಕಿಳಿದರು. "ಮೇಲಿನ ಅಚ್ಚು ಹೇಗೆ ತಿರುಗಿತ್ತೋ ಹಾಗೆ ಬೀಳೋದು..."

"ಹೊಡೆದೋನು ಈಗ ಕೈಗೆ ಸಿಗಲ್ಲ, ಬಿಡಿ," ಅಂದರು ಡಾಕ್ಟರಮ್ಮ. "ಇಬ್ಬರೂ ನೆಟ್ಟಗೆ ನಿಂತಿರ್ಬೇಕು. ಆಗುತ್ತೋ ಇಲ್ವೋ ಅಷ್ಟು ಹೇಳಿ ಯಜಮಾನ್ರೇ."

"ಆಗಲ್ಲಮ್ಮ," ಎಂದ ಅಣ್ಣ ಬಾಗಿಲಿಂದ. "ಕೊಂಡಿ ಒಂದೇ ಕಡೆ ಇರೋದು. ಎರಡು ಕೊಂಡಿ ಇಟ್ರೆ ಕಿವಿ ಬಂದ ಹಾಗಾಗುತ್ತೆ. ನನಗೂ ಕಣ್ಣು ಹೀಗೆ. ನಾಣ್ಯ ವಾಪಸ್ ತಗೊಂಡ್ಹೋಗಿ."

ಆ ಹೊತ್ತಿಗೆ ಸರಿಯಾಗಿ ಕಿಟಕಿಯ ಬಿಸಿಲು ಅಣ್ಣನ ಮುಖಕ್ಕೆ ಬಿತ್ತು. ಅತ್ತಿಗೆ ಒಳಗೆ ಹೋಗಿ ಪರದೆ ಎಳೆದಳು. ಪರದೆಯ ಬಳೆಗಳು ಸರಳಿನ ಮೇಲೆ ಸರ್ರನೆ ಜರುಗಿದವು.

ಮೆರುಗಮ್ಮ ತಟ್ಟನೆ ಆ ಬಳೆಗಳ ಕಡೆ ತಿರುಗಿದಳು. "ಅತ್ತಿಗೆ, ಇನ್ನೊಂದ್ಸಲ ಎಳೀರಿ."

"ಏನನ್ನ?"

"ಪರದೆ! ಹಿಂದಕ್ಕೆ, ಮುಂದಕ್ಕೆ, ಎಳೀರಿ ಅಂದ್ರೆ!"

ನಾದಿನಿಗೆ ತಲೆ ಕೆಟ್ಟಿತೆಂದುಕೊಂಡರೂ ಅತ್ತಿಗೆ ಎಳೆದಳು. ಬಳೆಗಳು ಹೋದವು, ಬಂದವು. ಮೆರುಗಮ್ಮ ಕೈಗೆ ಅಂಟಿದ್ದ ಕೆಂಪು ಮೆರುಗುಪುಡಿಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಕೌಂಟರಿಗೆ ಬಂದು ನಿಂತಳು. ಹತ್ತೊಂಬತ್ತು ವರ್ಷದಲ್ಲಿ ಗಿರಾಕಿಯ ಮುಂದೆ ಅವಳು ಬಂದು ನಿಂತದ್ದು ಅದೇ ಮೊದಲು.

"ಕೊಂಡಿ ಒಂದೇ ಇರ್ಲಿ, ಆದ್ರೆ ಜರುಗ್ಲಿ," ಅಂದಳು. "ಕಟ್ಟಿನ ಹೊರಗಡೆ ಸುತ್ತ ಕಾಲುವೆ ಥರ ಮಾಡ್ತೀನಿ. ಅದರೊಳಗೆ ಒಂದು ಉಂಗುರ ಓಡಾಡುತ್ತೆ. ಉಂಗುರಕ್ಕೆ ಕೊಂಡಿ. ಗಡ್ಡಪ್ಪನ ತಲೆ ಹತ್ರ ಒಂದು ತಡೆ, ದೇವತೆ ತಲೆ ಹತ್ರ ಒಂದು ತಡೆ. ಯಾರನ್ನ ಬೇಕೋ ಅವರನ್ನ ನಿಲ್ಲಿಸಿ."

ಡಾಕ್ಟರಮ್ಮ ಕೈಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ನಾಣ್ಯವನ್ನಲ್ಲ, ಮೆರುಗಮ್ಮನನ್ನು ನೋಡಿದರು. "ಸಂಜೆ ಐದಕ್ಕೆ ಬರ್ತೀನಿ," ಅಂದರು.

ಅವರು ಬೀದಿ ತಿರುಗುವವರೆಗೆ ಕಾದಿದ್ದು ಅಣ್ಣ ಬಾಯಿಬಿಟ್ಟ. "ಏನೇ, ಮೆರುಗು ಕೊಡೋಳು ಯಾವತ್ತಿಂದ ಕಟ್ಟು ಕಟ್ಟೋಳಾದೆ?"

"ನೀನು ಊಟಕ್ಕೆ ಹೋದಾಗಿಂದ."

ಅದು ನಿಜವಾಗಿತ್ತು. ಅಣ್ಣ ಊಟಕ್ಕೆ ಹೋದ ಮುಕ್ಕಾಲು ಗಂಟೆಯಲ್ಲಿ ಅವಳು ಹಿತ್ತಾಳೆ ಚೂರುಗಳಿಂದ ಕಟ್ಟು, ಕೊಂಡಿ, ಕೀಲು ಎಲ್ಲ ಮಾಡಿ ನೋಡಿ, ಅವನು ಕೈ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಕರಗಿಸಿಬಿಡುತ್ತಿದ್ದಳು. ಹೀಗೆ ಹತ್ತೊಂಬತ್ತು ವರ್ಷದ ವಿದ್ಯಾಭ್ಯಾಸಕ್ಕೆ ಸಾಕ್ಷಿಯಾಗಿ ಒಂದು ಹಿತ್ತಾಳೆ ಗುಂಡು ಮಾತ್ರ ಉಳಿದಿತ್ತು.

"ಹಳೇ ಬೆಳ್ಳಿ ಕಣೇ ಅದು," ಎಂದ ಅಣ್ಣ, ಮುಚ್ಚಳವಿಲ್ಲದ ಕಣ್ಣನ್ನು ಅಗಲಿಸಿ. "ಒಳಗೊಳಗೇ ಪೆಡಸಾಗಿರುತ್ತೆ. ಅಂಚು ಒತ್ತುವಾಗ ಒಂದು ಕೂದಲು ಹೆಚ್ಚಾದ್ರೆ ಬಿಸ್ಕತ್ತಿನ ಹಾಗೆ ಮುರಿಯುತ್ತೆ. ಮುರಿದ್ರೆ ರೋಮಿಗೆ ಹೋಗಿ ಇನ್ನೊಂದು ತರ್ತೀಯಾ?"

"ಮುರಿಯಲ್ಲ."

"ಮುರಿದ್ರೆ?"

"ಮುರಿದ್ರೆ ಇನ್ನು ಈ ಮಾತು ಎತ್ತಲ್ಲ. ಸಾಯೋವರೆಗೂ ಮೆರುಗು ಕೊಟ್ಕೊಂಡಿರ್ತೀನಿ. ಮುರೀದಿದ್ರೆ?"

ಅಣ್ಣ ಎದುರಿನ ಮೇಜಿನ ಪತ್ರಿಕೆಗಳನ್ನು ನೋಡಿದ. ಹೆಂಡತಿ ತನ್ನನ್ನು ನೋಡುತ್ತಿರುವುದನ್ನೂ ನೋಡಿದ.

"ಕೆಲಸದಲ್ಲಿ ಒಂದೇ ಒಂದು ತಪ್ಪು ಇರದಿದ್ರೆ," ಎಂದ, "ಅಪ್ಪನ ಮೇಜು ನಿನ್ನದು."

ಮೆರುಗಮ್ಮ ಮುಂದಿನ ಮಾತಿಗೆ ಕಾಯಲಿಲ್ಲ. ಅಣ್ಣನ ಮೇಜಿಗೆ ಕೂತಳು. ನಾಣ್ಯವನ್ನು ಬಟ್ಟಲಿನಲ್ಲಿ ಮುಚ್ಚಿಟ್ಟು ದೂರ ಸರಿಸಿದಳು. ಬೆಂಕಿಯ ಕೆಲಸವೆಲ್ಲ ಮುಗಿಯುವವರೆಗೆ ಬೆಳ್ಳಿ ಹತ್ತಿರ ಸುಳಿಯಬಾರದು. ಚಿನ್ನದ ತಂತಿಯನ್ನು ಕೂದಲಿಗಿಂತ ತುಸು ದಪ್ಪ ಎಳೆದು, ಕಟ್ಟಿನ ಹೊರಮೈಗೆ ಸುತ್ತ ಎರಡು ಗೆರೆಯಾಗಿ ಬಿಗಿದು, ಉರಿ ಹಿಡಿದಳು. ಬೆಸುಗೆ ಒಂದು ಕ್ಷಣ ಯೋಚಿಸಿ, ಮರುಕ್ಷಣ ಹೊಳೆಯಾಗಿ ಎರಡು ಗೆರೆಯ ಬುಡಕ್ಕೂ ಹರಿಯಿತು. ನಡುವೆ ಅಚ್ಚುಕಟ್ಟಾದ ಕಾಲುವೆ. ಮೆರುಗಮ್ಮನಿಗೆ ಎದ್ದು ಕುಣಿಯಬೇಕೆನಿಸಿತು. ಕುಣಿಯುವ ವಯಸ್ಸು ದಾಟಿ ಎಷ್ಟೋ ವರ್ಷವಾಗಿದ್ದರಿಂದ ಕಾಲಿನ ಹೆಬ್ಬೆರಳನ್ನು ಮಾತ್ರ ಚಪ್ಪಲಿಯೊಳಗೆ ಆಡಿಸಿದಳು.

"ಉರಿ ಹೆಚ್ಚಾಯ್ತು," ಎಂದ ಅಣ್ಣ ಬಾಗಿಲಿಂದ.

"ನೀವು ಬೆಂಕಿ ನೋಡ್ಬಾರ್ದು," ಎಂದಳು ಅತ್ತಿಗೆ.

"ನೋಡಿಲ್ಲ, ಸದ್ದು ಕೇಳಿದೆ."

"ಕಿವಿಗೂ ಒಂದು ಮುಚ್ಚಳ ತರಿಸ್ಲಾ?"

ಮಧ್ಯಾಹ್ನದ ಹೊತ್ತಿಗೆ ಉಂಗುರ ಸಿದ್ಧವಾಯಿತು. ಅದನ್ನು ಬಾಯಿ ಬಿಟ್ಟ ಬಳೆಯ ಹಾಗೆ ಹಿಗ್ಗಿಸಿ ಕಾಲುವೆಗೆ ಇಳಿಸಿ, ಎರಡು ತುದಿಗಳನ್ನೂ ಕೊಂಡಿಯ ಹೊಟ್ಟೆಯಲ್ಲಿ ಸೇರಿಸಿ, ಸಾಸಿವೆಗಿಂತ ಸಣ್ಣ ಮೊಳೆಯಿಂದ ಬಂಧಿಸಿದಳು. ಬೆರಳಿಂದ ತಳ್ಳಿದರೆ ಕೊಂಡಿ ಸುಯ್ಯೆಂದು ಜಾರಿ, ತಡೆಯ ಹತ್ತಿರ ಬಂದಾಗ 'ಕ್ಳಿಕ್' ಎಂದು ನಿಂತಿತು. ಅತ್ತಿಗೆ ಅದನ್ನು ಹನ್ನೊಂದು ಸಲ ತಿರುಗಿಸಿ ನೋಡಿದಳು. ಹನ್ನೆರಡನೆಯ ಸಲಕ್ಕೆ ಅಣ್ಣ ಕೈಚಾಚಿ ಇಸಿದುಕೊಂಡು ತಾನೂ ತಿರುಗಿಸಿ, ಬೆಸುಗೆಯನ್ನು ಉಗುರಿನಿಂದ ಸವರಿ ನೋಡಿದ. ತಪ್ಪು ಹೇಳದೆ ವಾಪಸ್ ಕೊಟ್ಟ. ಅವನು ತಪ್ಪು ಹೇಳದಿರುವುದೆಂದರೆ ಬೇರೆಯವರು ಪಟಾಕಿ ಹೊಡೆದ ಹಾಗೆ.

ಊಟ ಯಾರಿಗೂ ನೆನಪಾಗಲಿಲ್ಲ.

ಮೂರೂವರೆಗೆ ನಾಣ್ಯ ಕೂರಿಸುವ ಕೆಲಸ. ಮೆರುಗಮ್ಮ ಭೂತಗನ್ನಡಿ ಹಿಡಿದು ನೋಡಿದಳು. ಗಡ್ಡದ ಕೆಳಗೆ, ಅಂಚಿನಿಂದ ಒಳಕ್ಕೆ, ಒಂದು ಬಿರುಕು. ಅಚ್ಚು ಹೊಡೆದ ದಿನವೇ ಬಿಟ್ಟಿದ್ದಿರಬೇಕು, ಇಷ್ಟು ಶತಮಾನ ಅಲ್ಲೇ ತೆಪ್ಪಗಿತ್ತು. ಅದರ ಎದುರಿಗೆ ಬರುವ ಚಿನ್ನದ ಅಂಚನ್ನು ಅರದಿಂದ ತೆಳ್ಳಗೆ ಇಳಿಸಿದಳು. ಆ ಜಾಗದಲ್ಲಿ ಒತ್ತಬೇಕಾಗಿ ಬರದ ಹಾಗೆ. ನಾಣ್ಯವನ್ನು ಕಟ್ಟಿನೊಳಗೆ ಇಳಿಬಿಟ್ಟಳು. ಚಕ್ರವರ್ತಿ ತನ್ನ ಆಸನವನ್ನು ಗುರುತು ಹಿಡಿದವನಂತೆ ಕೂತ. ಆಮೇಲೆ ನಯವಾದ ಉಕ್ಕಿನ ಮೊನೆಯಿಂದ ಅಂಚನ್ನು ಒಳಕ್ಕೆ ಒತ್ತತೊಡಗಿದಳು: ಮೇಲೊಂದು, ಕೆಳಗೊಂದು, ಎಡಕ್ಕೊಂದು, ಬಲಕ್ಕೊಂದು. ಅಣ್ಣ ಕುರ್ಚಿಯನ್ನು ಬಾಗಿಲಿಂದ ಕೋಣೆಯ ನಡುವಿಗೆ ಎಳೆದುಕೊಂಡಿದ್ದ. ಅತ್ತಿಗೆ ಅಂಗಡಿಯ ಬಾಗಿಲಿಗೆ 'ಈಗ ಬರುತ್ತೇವೆ' ಎಂಬ ಫಲಕ ತಗುಲಿಸಿ ಒಳಗೆ ಬಂದು ನಿಂತಿದ್ದಳು.

ಎಂಟನೆಯ ಒತ್ತು. ಒಂಬತ್ತು. ಹತ್ತು.

'ಟಿಕ್.'

ಮೆರುಗಮ್ಮ ಮೊನೆಯನ್ನು ಸರ್ರನೆ ಹಿಂದೆಗೆದಳು. ಅಣ್ಣ ಬಗ್ಗಬಾರದೆಂಬುದನ್ನು ಮರೆತು ಬಗ್ಗಿದ. ಮೂರು ತಲೆಗಳು ಒಂದೇ ಭೂತಗನ್ನಡಿಯ ಮೇಲೆ ಸೇರಿ ಢಿಕ್ಕಿ ಹೊಡೆದವು. ನಾಣ್ಯ ಇದ್ದ ಹಾಗೇ ಇತ್ತು. ಬಿರುಕು ಇದ್ದಲ್ಲೇ ಇತ್ತು.

"ನಾನು," ಎಂದಳು ಅತ್ತಿಗೆ ಸಣ್ಣ ದನಿಯಲ್ಲಿ. "ನೆಟಿಗೆ ಮುರಿದೆ. ಕೈ ಸುಮ್ನೆ ಇರ್ಲಿಲ್ಲ."

"ಕೌಂಟರಿಗೆ ಹೋಗು ನೀನು!" ಎಂದು ಅಣ್ಣ ಗುಡುಗಿದ. ಅವಳು ಹೋಗಲಿಲ್ಲ. ಬೆರಳುಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ಅಲ್ಲೇ ನಿಂತಳು.

ನಾಲ್ಕು ಐವತ್ತಕ್ಕೆ ಕೊನೆಯ ಒತ್ತು ಬಿತ್ತು. ಅಂಚು ಸುತ್ತಲೂ ನಾಣ್ಯವನ್ನು ತಬ್ಬಿ ಕೂತಿತ್ತು. ಮೆರುಗಮ್ಮ ತಲೆಕೆಳಗೆ ಮಾಡಿ ಅಲ್ಲಾಡಿಸಿದಳು, ಸದ್ದಿಲ್ಲ. ಕೊಂಡಿಯನ್ನು ಜರುಗಿಸಿದಳು, ಕ್ಳಿಕ್, ಗಡ್ಡಪ್ಪ ನಿಂತ. ತಿರುಗಿಸಿ ಇನ್ನೊಂದು ತಡೆಗೆ ತಳ್ಳಿದಳು. ಕ್ಳಿಕ್, ದೇವತೆ ಎದ್ದು ನಿಂತಳು. ಅತ್ತಿಗೆ "ಅಯ್ಯೋ ನನ್ ಬಂಗಾರಿ!" ಎಂದು ಕೂಗಿ ಅವಳ ಕೆನ್ನೆ ಹಿಂಡಿದಳು. ಮೆರುಗಮ್ಮನಿಗೆ ನಗುವೋ ಅಳುವೋ ತಿಳಿಯದೆ ಎರಡೂ ಒಟ್ಟಿಗೆ ಬಂತು. ಅಪ್ಪನ ಮೇಜಿನ ಮೇಲಿನ ಪತ್ರಿಕೆಗಳನ್ನು ಎಲ್ಲಿಡುವುದೆಂದು ಆಗಲೇ ಲೆಕ್ಕ ಹಾಕುತ್ತಿದ್ದಳು.

ಅದೇ ಗುಂಗಿನಲ್ಲಿ ಎದ್ದಳು. ಹತ್ತೊಂಬತ್ತು ವರ್ಷದಿಂದ ಈ ಕೋಣೆಯಲ್ಲಿ ಒಂದು ಒಡವೆ ಮುಗಿಯಿತೆಂದರೆ ಅದು ಎಲ್ಲಿಗೆ ಹೋಗಬೇಕೆಂಬುದು ಅವಳ ಕಾಲಿಗೆ ಗೊತ್ತಿತ್ತು, ಕೈಗೆ ಗೊತ್ತಿತ್ತು. ತಲೆಯನ್ನು ಕೇಳುವ ಅಗತ್ಯ ಯಾವತ್ತೂ ಬಿದ್ದಿರಲಿಲ್ಲ. ಕಾಲು ಮೂಲೆಗೆ ನಡೆಯಿತು. ಬಲಗೈ ಗುಂಡಿ ಒತ್ತಿತು, ಬಟ್ಟೆಯ ಚಕ್ರ ಗಿರ್ರೆಂದಿತು, ಎಡಗೈ ಪದಕವನ್ನು ಒಡ್ಡಿತು.

"ಏಯ್!" ಎಂದು ಅಣ್ಣ ಅರಚಿದ.

ಆ ಕೂಗಿಗೂ ಚಕ್ರ ನಾಣ್ಯಕ್ಕೆ ತಾಗಿದ್ದಕ್ಕೂ ನಡುವೆ ಹೆಚ್ಚೆಂದರೆ ಒಂದು ಸೆಕೆಂಡು. ಮೆರುಗಮ್ಮ ಕೈ ಹಿಂದಕ್ಕೆಳೆದಳು. ಚಿನ್ನದ ಅಂಚು ಥಳಥಳ ಹೊಳೆಯುತ್ತಿತ್ತು. ಅದರೊಳಗೆ, ಕಪ್ಪು ಗಡ್ಡ, ಕಪ್ಪು ಗುಂಗುರು ಕೂದಲು, ಗಂಭೀರ ಹಣೆ ಎಲ್ಲ ಹಾಗೇ ಇದ್ದು, ಚಕ್ರವರ್ತಿಯ ಮೂಗಿನ ತುದಿ ಮಾತ್ರ ಹೊಸ ಚಮಚದ ಹಾಗೆ ಬೆಳ್ಳಗೆ ಮಿಂಚುತ್ತಿತ್ತು.

ಯಂತ್ರ ನಿಂತಿತು.

"ಗಂಧಕದ ನೀರು ಇದೆ," ಎಂದ ಅಣ್ಣ ಪಿಸುದನಿಯಲ್ಲಿ. "ಕಡ್ಡೀಲಿ ಒಂದು ಹನಿ ಮುಟ್ಸು. ಐದು ನಿಮಿಷದಲ್ಲಿ ಕಪ್ಪಾಗುತ್ತೆ. ಯಾರಿಗೆ ಗೊತ್ತಾಗುತ್ತೆ?"

ಮೆರುಗಮ್ಮನ ಕೈ ಸೀಸೆಯವರೆಗೆ ಹೋಯಿತು. ಹೋಗಿ ಅಲ್ಲೇ ನಿಂತಿತು. ಕಪ್ಪಿನಲ್ಲಿ ಎಷ್ಟು ಬಗೆಯೆಂದು ಅವಳಿಗೆ ಗೊತ್ತಿದ್ದಷ್ಟು ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ನನಗೆ ಗೊತ್ತಾಗುತ್ತೆ," ಅಂದಳು. "ಮೇಷ್ಟ್ರಿಗೆ ಗೊತ್ತಾಗದೇ ಇರ್ಬಹುದು. ಆಯಮ್ಮ ದಿನಾ ಹಲ್ಲಿನ ಬಣ್ಣಕ್ಕೆ ಬಣ್ಣ ಹೊಂದಿಸಿ ಕೂರಿಸೋರು. ಅವರಿಗೆ ಗೊತ್ತಾಗದೇ ಇರುತ್ತಾ?"

"ಹಾಗಾದ್ರೆ ಏನ್ಮಾಡ್ತೀಯಾ?"

"ಹೇಳ್ತೀನಿ."

"ಬಂದ್ರು!" ಎಂದಳು ಅತ್ತಿಗೆ.

ಗಂಡ ಹೆಂಡತಿ ಇಬ್ಬರೂ ಬೀಳ್ಕೊಡುಗೆಗೆ ತಯಾರಾಗಿಯೇ ಬಂದಿದ್ದರು. ಮೇಷ್ಟ್ರ ಬೂಟು ಪಾಲಿಶ್ ಆಗಿತ್ತು. ಮೆರುಗಮ್ಮ ಪದಕವನ್ನು ನೀಲಿ ಮಖಮಲ್ಲಿನ ಮೇಲಿಟ್ಟು, ಅವರು ಬಗ್ಗಿ ನೋಡುವ ಮುಂಚೆಯೇ ಹೇಳಿದಳು: "ಕಟ್ಟು ಸರಿಯಾಗಿದೆ. ಕೊಂಡಿ ಜರುಗುತ್ತೆ. ಆದ್ರೆ ಮೂಗು ನನ್ ಕೈಯಿಂದ ಹಾಳಾಗಿದೆ. ಅಭ್ಯಾಸ ಬಲದಲ್ಲಿ ಚಕ್ರಕ್ಕೆ ಕೊಟ್ಬಿಟ್ಟೆ. ತಪ್ಪಾಯ್ತು."

ಮೇಷ್ಟ್ರು ನೋಡಿದರು. ಮುಖ ಸಣ್ಣದಾಯಿತು. "ಸಾವಿರದೆಂಟುನೂರು ವರ್ಷದ ಕಪ್ಪು ಕಣಮ್ಮ ಅದು," ಅಂದರು, ಪರೀಕ್ಷೆಯಲ್ಲಿ ಫೇಲಾದ ಜಾಣ ವಿದ್ಯಾರ್ಥಿಯ ಮುಂದೆ ನಿಂತವರಂತೆ. "ಸಾವಿರದೆಂಟುನೂರು ವರ್ಷ!"

ಡಾಕ್ಟರಮ್ಮ ಪದಕವನ್ನು ಎತ್ತಿ ಬೆಳಕಿಗೆ ಹಿಡಿದರು. ಅವರ ಭುಜ ಅಲುಗಿತು. ಅಳುತ್ತಿದ್ದಾರೆಂದುಕೊಂಡು ಅತ್ತಿಗೆ ನೀರಿನ ಲೋಟಕ್ಕೆ ಕೈಹಾಕಿದಳು. ಆದರೆ ಅವರು ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು. "ಪಾಪ ರೀ, ಶೀತ ಆಗಿದೆ ನಿಮ್ ಗಡ್ಡಪ್ಪನಿಗೆ! ಮೂಗು ಒರೆಸಿ ಒರೆಸಿ ಹೊಳೀತಿದೆ ನೋಡಿ!"

"ನಗೋ ವಿಷಯ ಅಲ್ಲ ಇದು." ಮೇಷ್ಟ್ರು ಮೆರುಗಮ್ಮನ ಕಡೆ ತಿರುಗಿದರು. "ಮತ್ತೆ ಕಪ್ಪಾಗುತ್ತಾ?"

"ಆಗುತ್ತೆ. ಈ ಬದಿ ಮೈ ಕಡೆ ಇರ್ಬೇಕು ಅಷ್ಟೆ. ಅಂಚು ಎತ್ತರ ಇದೆ, ಮೂಗು ಉಜ್ಜಲ್ಲ. ಮೈ ಕಾವಿಗೆ, ಬೆವರಿನ ಆವಿಗೆ ತಾನೇ ಕಪ್ಪಾಗುತ್ತೆ. ಎರಡು ವರ್ಷ, ಮೂರು ವರ್ಷ."

ಮೇಷ್ಟ್ರು ಹೆಂಡತಿಯ ಕೈಯಿಂದ ಪದಕ ತೆಗೆದುಕೊಂಡು, ತಿರುಗಿಸಿ, ಬೆರಳಿಂದ ಕೊಂಡಿಯನ್ನು ತಳ್ಳಿದರು. ಕ್ಳಿಕ್. ದೇವತೆ ನೆಟ್ಟಗೆ ನಿಂತಳು. ಅವರು ಅವಳನ್ನು ನಿಧಾನವಾಗಿ ನೋಡಿದ್ದು ಅದೇ ಮೊದಲಿರಬೇಕು. "ತಕ್ಕಡಿ ಎರಡೂ ತಟ್ಟೆ ಎಷ್ಟು ಚೆನ್ನಾಗಿ ಬಂದಿದೆ," ಎಂದು ಗೊಣಗಿ, ಮತ್ತೊಮ್ಮೆ ಕೊಂಡಿಯನ್ನು ಆಚೆ ತಳ್ಳಿ ಈಚೆ ತಂದರು. ಇನ್ನೊಮ್ಮೆ. ಅವರ ಮುಖ ಮೆಲ್ಲಗೆ ಅರಳುತ್ತ ಬಂತು. "ಇದು ಜರುಗುತ್ತಲ್ಲೇ! ನೋಡಿದ್ಯಾ, ಎಷ್ಟು ಸಲೀಸಾಗಿ!"

"ನೀವು ಆಟ ಆಡ್ತಾ ಇದ್ರೆ ನನ್ ಬೀಳ್ಕೊಡುಗೆ ನಾನಿಲ್ದೆ ಮುಗಿಯುತ್ತೆ. ಹಾಕಿ ಇತ್ಲಾಗೆ."

ಮೇಷ್ಟ್ರೇ ಕೈಯಾರೆ ಸರ ಹಾಕಿದರು, ಗಡ್ಡಪ್ಪನ ಮುಖ ಒಳಗಡೆಗೆ. ಡಾಕ್ಟರಮ್ಮ ಕನ್ನಡಿ ನೋಡಿಕೊಂಡರು, ಮೆರುಗಮ್ಮನ ಎರಡೂ ಕೈ ಹಿಡಿದು ಬಲವಾಗಿ ಕುಲುಕಿದರು, ಗಂಡನನ್ನು ಎಳೆದುಕೊಂಡು ಹೋದರು. ಬೀದಿಯ ತಿರುವಿನವರೆಗೂ ಇಬ್ಬರ ನಗು ಕೇಳುತ್ತಿತ್ತು.

ಒಳಗೆ ಯಾರೂ ನಗುತ್ತಿರಲಿಲ್ಲ.

"ಒಂದೇ ಒಂದು ತಪ್ಪು ಇರಬಾರ್ದು ಅಂದಿದ್ದೆ," ಎಂದ ಅಣ್ಣ, ನೆಲ ನೋಡುತ್ತ. ಹೇಳಲು ಅವನಿಗೂ ಹಿತವಿರಲಿಲ್ಲ. "ತಪ್ಪು ಆಯ್ತು."

"ಆಯ್ತು," ಎಂದಳು ಮೆರುಗಮ್ಮ. ಏಪ್ರನ್ ಸರಿಮಾಡಿಕೊಂಡು ಮೂಲೆಯ ಕಡೆ ಹೊರಟಳು.

"ನಿಲ್ಲೇ ಅಲ್ಲಿ," ಎಂದಳು ಅತ್ತಿಗೆ. ಬೆರಳುಗಳು ಕಂಕುಳಿಂದ ಹೊರಗೆ ಬಂದಿದ್ದವು. "ರೀ, ನೀವು ಹೇಳಿ. ಕಟ್ಟಿನಲ್ಲಿ ತಪ್ಪಿತ್ತಾ?"

"ಇಲ್ಲ."

"ಕೊಂಡೀಲಿ?"

"ಇಲ್ಲ."

"ಒತ್ತಿದ್ದರಲ್ಲಿ? ಬೆಸುಗೇಲಿ? ಉಗುರಲ್ಲಿ ಸವರಿ ನೋಡಿದ್ರಲ್ಲ, ಎಲ್ಲಾದ್ರೂ ಸಿಕ್ಕಾಕೊಳ್ತಾ?"

"ಇಲ್ಲ ಅಂದ್ನಲ್ಲ!"

"ಮತ್ತೆ ತಪ್ಪು ಯಾರದು? ಕಟ್ಟು ಕಟ್ಟಿದೋಳದ್ದಲ್ಲ. ಮೆರುಗು ಕೊಟ್ಟೋಳದ್ದು. ತೆಗೆದು ಹಾಕ್ಬೇಕಾಗಿರೋದು ಯಾರನ್ನ? ಮೆರುಗಿನೋಳನ್ನ. ಹತ್ತೊಂಬತ್ತು ವರ್ಷ ಕೆಲಸ ಮಾಡಿ ಇನ್ನೂ ಎಲ್ಲಿಗೆ ಚಕ್ರ ಹಿಡೀಬಾರ್ದು ಅಂತ ಗೊತ್ತಿಲ್ಲ ಅಂದ್ರೆ ಅಂಥೋಳನ್ನ ಆ ಯಂತ್ರದ ಹತ್ರ ಇನ್ನು ಒಂದು ದಿನಾನೂ ಇಟ್ಕೋಬಾರ್ದು."

ಅಣ್ಣ ಬಾಯಿ ತೆರೆದ. ಈ ವಾದದಲ್ಲಿ ಎಲ್ಲೋ ಒಂದು ಬಿರುಕಿದೆಯೆಂದು ಅವನಿಗೆ ಖಾತ್ರಿಯಿತ್ತು. ಒಂದು ಕಣ್ಣಿನಿಂದ ಹೆಂಡತಿಯನ್ನು ಮೇಲಿಂದ ಕೆಳಗೆ ಹುಡುಕಿದ. ಸಿಗಲಿಲ್ಲ.

"ಹಾಗಾದ್ರೆ ಮೆರುಗು ಯಾರು ಕೊಡೋದು?" ಎಂದ.

ಅತ್ತಿಗೆ ಮೂಲೆಯ ಯಂತ್ರ ನೋಡಿದಳು, ಆಮೇಲೆ ಅವನನ್ನು ನೋಡಿದಳು. ಮೆರುಗಮ್ಮನೂ ನೋಡಿದಳು.

ಮರುದಿನ ಬೆಳಿಗ್ಗೆ ಅಪ್ಪನ ಮೇಜಿನ ಪತ್ರಿಕೆಗಳನ್ನು ಖಾಲಿ ಮಾಡಲಾಯಿತು. ತಂಗಿ ಅಲ್ಲಿ ಕೂತಳು. ಮೆರುಗು ಅಣ್ಣನ ಪಾಲಿಗೆ ಬಂತು.